ಮೇಯರ್ ಮುತ್ತಣ್ಣ: ಒಂದು ಹಳೆಯ ನಗೆಯ ಪುನರ್ವಿಮರ್ಶೆ

೧

ಚಲನಚಿತ್ರವು ಚರಿತ್ರೆಯ ವಿದ್ಯಾರ್ಥಿಗೆ ಅಧ್ಯಯನಯೋಗ್ಯವಾದ ಆಕರವೆಂಬ ಮಾತು ಈಗ ವಿವಾದಾಸ್ಪದವಾಗಿ ಉಳಿದಿಲ್ಲ. ಶಾಸನ, ಕಡತ, ಪತ್ರಿಕೆಗಳಂತೆ ಅದೂ ತನ್ನ ಕಾಲದ ಜನರ ಆಶೆ ಆತಂಕಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದರೆ ಗಂಭೀರ ಚಿತ್ರಗಳಿಗೆ ಸಲ್ಲುವ ಈ ಮರ್ಯಾದೆ ವಿನೋದಚಿತ್ರಗಳಿಗೆ ಸಂದಿರುವುದು ಅಪರೂಪ. ಒಂದು ಕಾಲದ ಜನ ಯಾವುದಕ್ಕೆ ಅತ್ತರು ಎಂಬುದನ್ನು ಊಹಿಸುವುದು ಸುಲಭ. ಸಾವು, ಅಗಲಿಕೆ, ಬಡತನಗಳು ಎಲ್ಲ ಕಾಲಕ್ಕೂ ಒಂದೇ. ಯಾವುದಕ್ಕೆ ನಕ್ಕರು ಎಂಬುದನ್ನು ತಿಳಿಯಬೇಕಾದರೆ ಆ ಸಮಾಜ ಯಾವುದನ್ನು ಸಹಜವೆಂದೂ ಯಾವುದನ್ನು ವಿಪರೀತವೆಂದೂ ಬಗೆದಿತ್ತು ಎಂಬುದನ್ನು ಅರಿಯಬೇಕಾಗುತ್ತದೆ. ಸಹಜ ವಿಪರೀತಗಳ ನಡುವಣ ಗಡಿ ಸರಿದಂತೆ ನಗೆಯೂ ಸರಿಯುತ್ತದೆ. ಆದುದರಿಂದಲೇ ಹಳೆಯ ವಿನೋದಚಿತ್ರವೊಂದನ್ನು ಮರಳಿ ನೋಡುವುದು ಚರಿತ್ರೆಯ ಪಾಠವೊಂದನ್ನು ಓದಿದಂತೆಯೇ ಸರಿ.

ಪ್ರಕೃತ ಲೇಖನಕ್ಕೆ ವಿಷಯವಾಗಿ ‘ಮೇಯರ್ ಮುತ್ತಣ್ಣ’ ಚಿತ್ರವನ್ನು ಆರಿಸಿಕೊಂಡಿದೆ. ೧೯೬೯ರಲ್ಲಿ ತೆರೆಗೆ ಬಂದ ಈ ಚಿತ್ರ ನಿರ್ದೇಶಕ ಸಿದ್ದಲಿಂಗಯ್ಯನವರ ಮೊದಲ ಕೃತಿ. ಹಾಸ್ಯನಟ ದ್ವಾರಕೀಶ್ ಅವರು ಸ್ವತಂತ್ರವಾಗಿ ನಿರ್ಮಿಸಿದ ಮೊದಲ ಚಿತ್ರವೂ ಹೌದು. ರಾಜಕುಮಾರ್ ಮತ್ತು ಭಾರತಿಯವರು ಮುಖ್ಯ ಪಾತ್ರಗಳಲ್ಲಿದ್ದಾರೆ; ಸಂಗೀತ ರಾಜನ್-ನಾಗೇಂದ್ರ ಸೋದರರದು. ಇದು ಶುದ್ಧ ಪ್ರಹಸನವಲ್ಲ. ನಗೆಯ ಜೊತೆಗೆ ಕಂಬನಿಯೂ ಸದುಪದೇಶವೂ ಬೆರೆತಿರುವ, ಆ ಕಾಲದ ಕನ್ನಡ ಪ್ರೇಕ್ಷಕರಿಗೆ ಪ್ರಿಯವಾಗಿದ್ದ ಮಿಶ್ರಜಾತಿಯ ಕೃತಿ. ಆದರೂ ಚಿತ್ರದ ಜೀವ ಅದರ ನಗೆಯಲ್ಲಿದೆ. ಶೀರ್ಷಿಕೆಯಲ್ಲಿಯೇ ಆ ನಗೆ ಅಡಗಿದೆ. ‘ಮೇಯರ್’ ಎಂಬ ಇಂಗ್ಲಿಷ್ ಬಿರುದೂ ‘ಮುತ್ತಣ್ಣ’ ಎಂಬ ಅಚ್ಚ ಹಳ್ಳಿಯ ಹೆಸರೂ ಅಕ್ಕಪಕ್ಕದಲ್ಲಿ ನಿಂತಾಗ ಹುಟ್ಟುವ ವಿನೋದವೇ ಚಿತ್ರದ ಬೀಜ.

ಇಂಥ ಚಿತ್ರವನ್ನು ಇಂದಿನ ಕಣ್ಣಿನಿಂದ ನೋಡುವವರಿಗೆ ಎರಡು ಪ್ರಲೋಭನೆಗಳು ಎದುರಾಗುತ್ತವೆ. ಮೊದಲನೆಯದು, ಹಳೆಯದೆಲ್ಲವೂ ಚಿನ್ನವೆಂದು ಕೈಮುಗಿಯುವುದು. ಎರಡನೆಯದು, ಇಂದಿನ ವಿಚಾರಗಳ ಅಳತೆಗೋಲನ್ನು ಹಿಡಿದು ಅಂದಿನವರನ್ನು ಗದರಿಸುವುದು. ಎರಡರಲ್ಲಿಯೂ ನೋಡುವವನು ತನ್ನ ಸ್ಥಾನವನ್ನು ಪರೀಕ್ಷೆಗೆ ಒಡ್ಡಿಕೊಳ್ಳುವುದಿಲ್ಲ. ಈ ಚಿತ್ರ ನಮ್ಮನ್ನು ಕುರಿತು ಏನು ಹೇಳುತ್ತದೆ ಎಂದು ಕೇಳಿದಾಗ ದೊರೆಯುವ ಉತ್ತರ ಅಷ್ಟೇನೂ ಹಿತಕರವಾದುದಲ್ಲ.

೨

ಕಥೆಯ ಹಂದರ ಸರಳವಾಗಿದೆ. ಮುತ್ತಣ್ಣ ಹಳ್ಳಿಯ ಪ್ರಾಮಾಣಿಕ ಯುವಕ. ದೇವಸ್ಥಾನದ ಒಡವೆಗಳನ್ನು ಕದ್ದನೆಂಬ ಸುಳ್ಳು ಅಪವಾದವನ್ನು ಹೊತ್ತು ಊರು ಬಿಟ್ಟು ಬೆಂಗಳೂರನ್ನು ಸೇರುತ್ತಾನೆ. ಅಲ್ಲಿ ತನ್ನ ಸತ್ಯಸಂಧತೆಯಿಂದಲೂ ಪರೋಪಕಾರದಿಂದಲೂ ಜನರ ಪ್ರೀತಿಯನ್ನು ಗಳಿಸಿ, ಕಡೆಗೆ ನಗರದ ಪ್ರಥಮ ಪ್ರಜೆಯ ಪೀಠವನ್ನೇ ಏರುತ್ತಾನೆ. ಅವನು ನಿರಪರಾಧಿ ಎಂಬ ವಿಷಯದಲ್ಲಿ ಪ್ರೇಕ್ಷಕನಿಗೆ ಒಂದು ಕ್ಷಣವೂ ಸಂಶಯವಿಲ್ಲ. ಪಾತ್ರವನ್ನು ವಹಿಸಿರುವವರು ರಾಜಕುಮಾರ್ ಎಂಬುದೇ ಅದಕ್ಕೆ ಸಾಕಾದ ಪ್ರಮಾಣ.

ಈ ಕಥೆಯನ್ನು ಕೇಳಿದಾಗ ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೊಂದು ನೆನಪಾಗದಿರದು. ಅರಸನು ಸಂತಾನವಿಲ್ಲದೆ ತೀರಿಕೊಳ್ಳುತ್ತಾನೆ. ಮಂತ್ರಿಗಳು ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರವನ್ನು ಕೊಟ್ಟು ಬೀದಿಗೆ ಬಿಡುತ್ತಾರೆ. ಆನೆ ಶ್ರೀಮಂತರನ್ನೂ ಪಂಡಿತರನ್ನೂ ದಾಟಿ ಹೋಗಿ, ಊರ ಹೊರಗಿನ ಛತ್ರದಲ್ಲಿ ಹಸಿದು ಮಲಗಿರುವ ಪರದೇಶಿಯ ಕೊರಳಿಗೆ ಆ ಹಾರವನ್ನು ಹಾಕುತ್ತದೆ. ತನ್ನ ಊರಿನಿಂದ ಹೊರಬಿದ್ದವನೇ ಪರರ ಊರಿಗೆ ಅರಸನಾಗುತ್ತಾನೆ. ಮುತ್ತಣ್ಣನ ಕಥೆ ಈ ಜನಪದ ಕಥೆಯ ಆಧುನಿಕ ರೂಪವೆಂದರೆ ತಪ್ಪಾಗಲಾರದು. ಆನೆಯ ಸ್ಥಾನದಲ್ಲಿ ಇಲ್ಲಿ ಜನರಿದ್ದಾರೆ. ಸಿಂಹಾಸನದ ಸ್ಥಾನದಲ್ಲಿ ಕಾರ್ಪೊರೇಷನ್ನಿನ ಕುರ್ಚಿಯಿದೆ.

ಹಳ್ಳಿಯ ಮುಗ್ಧನು ನಗರಕ್ಕೆ ಬರುವ ಕಥೆ ಬೇರೆ ದೇಶಭಾಷೆಗಳ ಚಿತ್ರಗಳಲ್ಲಿಯೂ ಉಂಟು. ೧೯೫೫ರ ‘ಶ್ರೀ ೪೨೦’ರಲ್ಲಿ ರಾಜ್ ಕಪೂರರ ನಾಯಕ ಮುಂಬಯಿಗೆ ಬಂದು ಹಣದ ಮೋಹಕ್ಕೆ ಸಿಕ್ಕಿ, ಮತ್ತೆ ಎಚ್ಚರಗೊಳ್ಳುತ್ತಾನೆ, ಅಲ್ಲಿ ನಗರವು ಒಂದು ಪ್ರಲೋಭನೆ. ೧೯೩೯ರಲ್ಲಿ ಫ್ರಾಂಕ್ ಕ್ಯಾಪ್ರಾ ನಿರ್ದೇಶಿಸಿದ ಅಮೆರಿಕದ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ ಚಿತ್ರದಲ್ಲಿ ಮುಗ್ಧ ಯುವಕನೊಬ್ಬ ಸೆನೆಟ್ ಸಭೆಯ ಸದಸ್ಯನಾಗಿ ಭ್ರಷ್ಟರನ್ನು ಎದುರಿಸುತ್ತಾನೆ. ಆ ಚಿತ್ರದ ಉತ್ಕರ್ಷವೆಲ್ಲ ಸಭೆಯ ನಿಯಮಗಳನ್ನೇ ಅವಲಂಬಿಸಿದೆ ಎಂಬುದು ಗಮನಾರ್ಹ. ಮಾತನಾಡಲು ನಿಂತ ಸದಸ್ಯನು ತಾನಾಗಿ ಕುಳಿತುಕೊಳ್ಳುವವರೆಗೆ ಅವನನ್ನು ತಡೆಯುವಂತಿಲ್ಲ ಎಂಬ ಶುಷ್ಕ ನಿಯಮವೊಂದು ಅಲ್ಲಿ ನಾಟಕದ ಕೇಂದ್ರವಾಗುತ್ತದೆ. ಅಲ್ಲಿಯ ನಾಯಕನನ್ನು ಕಾಯುವುದು ಅವನ ಒಳ್ಳೆಯತನದಷ್ಟೇ ಆ ಸಭೆಯ ಸಂವಿಧಾನ. ನಮ್ಮ ಮುತ್ತಣ್ಣನನ್ನು ಕಾಯುವುದಾದರೋ ಅವನ ಒಳ್ಳೆಯತನವೊಂದೇ. ಕಥೆಯ ಭಾರವೆಲ್ಲ ಒಬ್ಬ ಸಜ್ಜನನ ಹೆಗಲ ಮೇಲಿದೆ.

ಸಿದ್ದಲಿಂಗಯ್ಯನವರ ಮನಸ್ಸನ್ನು ಕಾಡಿದ್ದು ಇಂಥ ಸಜ್ಜನನೇ ಎಂಬುದಕ್ಕೆ ಅವರ ಮುಂದಿನ ಕೃತಿಯೂ ಸಾಕ್ಷಿ ನುಡಿಯುತ್ತದೆ. ೧೯೭೨ರ ‘ಬಂಗಾರದ ಮನುಷ್ಯ’ದಲ್ಲಿ ನಾಯಕನ ಪಯಣ ಹಳ್ಳಿಯ ಕಡೆಗೆ, ಅವನು ಬರಡು ನೆಲವನ್ನು ಹಸನುಮಾಡುತ್ತಾನೆ. ಆದರೆ ಕಡೆಯಲ್ಲಿ ಅವನೂ ಸುಳ್ಳು ಸಂಶಯಕ್ಕೆ ಗುರಿಯಾಗಿ ಮನೆಯನ್ನು ತೊರೆದು ನಡೆದುಬಿಡುತ್ತಾನೆ. ಮುತ್ತಣ್ಣನ ಕಥೆಗೆ ಆರಂಭವಾದ ಅಪವಾದವೇ ಅಲ್ಲಿ ಮುಕ್ತಾಯವಾಗಿದೆ. ಎರಡು ಚಿತ್ರಗಳಲ್ಲಿಯೂ ಊರಿನ ನ್ಯಾಯ ವ್ಯವಸ್ಥೆ ಸಜ್ಜನನಿಗೆ ಆಸರೆಯಾಗುವುದಿಲ್ಲ.

೩

ಇನ್ನು, ಇಂದಿನ ಕಣ್ಣಿಗೆ ಒಗ್ಗದ ಅಂಶಗಳನ್ನು ಮುಚ್ಚಿಡಬೇಕಾಗಿಲ್ಲ. ದೇಹದ ಆಕಾರವನ್ನು ನಗೆಗೆ ವಸ್ತುವಾಗಿಸುವುದು ಆ ಕಾಲದ ವಾಡಿಕೆ. ದ್ವಾರಕೀಶರ ಗಿಡ್ಡ ನಿಲುವೂ ರಾಜಕುಮಾರರ ಎತ್ತರದ ನಿಲುವೂ ಒಂದೇ ಚೌಕಟ್ಟಿನಲ್ಲಿ ಕಂಡೊಡನೆ ಚಿತ್ರಮಂದಿರದಲ್ಲಿ ನಗೆ ಏಳುತ್ತಿದ್ದುದು ಸಹಜವೇ. ಇದರ ಬೇರು ತುಂಬ ಹಳೆಯದು. ಭರತನ ನಾಟ್ಯಶಾಸ್ತ್ರ ವಿದೂಷಕನ ಲಕ್ಷಣಗಳನ್ನು ಹೇಳುವಾಗ ಕುಬ್ಜತೆ, ಉಬ್ಬುಹಲ್ಲು, ಬೋಳುತಲೆಗಳನ್ನು ಎಣಿಸುತ್ತದೆ. ಈ ಬಗೆಯ ನಗೆಯನ್ನು ಇಂದಿನ ವಿದ್ಯಾರ್ಥಿ ಸಂಕೋಚದಿಂದ ನೋಡಿದರೆ ಅದು ಅವನ ಸಂಸ್ಕಾರಕ್ಕೆ ಸಲ್ಲುವ ಮಾತೇ ಆಗಿದೆ. ಆದರೂ ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಈ ಚಿತ್ರದಲ್ಲಿ ನಗೆಗೆ ವಸ್ತುವಾದ ನಟನೇ ಚಿತ್ರದ ನಿರ್ಮಾಪಕ. ಪರರು ತನ್ನನ್ನು ಗೇಲಿಮಾಡಲು ಬಳಸುವ ಪದವನ್ನು ತಾನೇ ಕೈಗೆತ್ತಿಕೊಂಡು ‘ಕುಳ್ಳ ಏಜೆಂಟ್ ೦೦೦’ (೧೯೭೨), ‘ಪ್ರಚಂಡ ಕುಳ್ಳ’ (೧೯೮೪) ಎಂದು ಚಿತ್ರಗಳ ತಲೆಬರಹದಲ್ಲಿಯೇ ಬರೆಯಿಸಿಕೊಂಡ ಈ ಕಲಾವಿದನನ್ನು ಕೇವಲ ಗೇಲಿಯ ಬಲಿಪಶುವೆಂದು ಕನಿಕರಿಸುವುದು ಅವರಿಗೆ ಮಾಡುವ ಅನ್ಯಾಯವಾದೀತು.

ಎರಡನೆಯದಾಗಿ, ಹಳ್ಳಿಯವನನ್ನು ಕುರಿತ ನಗೆ. ನಗರದವರು ಹಳ್ಳಿಗನನ್ನು ಮೂದಲಿಸುವ ಮಾತು ಚಿತ್ರದಲ್ಲಿ ಹಾಡಾಗಿಯೂ ಬಂದಿದೆ. ಆದರೆ ಈ ನಗೆ ಹೊರಟ ಕಡೆಗೇ ಹೋಗಿ ನಿಲ್ಲುವುದಿಲ್ಲ; ಹಿಂದಿರುಗಿ ನಕ್ಕವರನ್ನೇ ತಟ್ಟುತ್ತದೆ. ೧೯೬೧ರ ಜನಗಣತಿಯಲ್ಲಿ ಸುಮಾರು ೧೨ ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ ೧೯೭೧ರ ವೇಳೆಗೆ ೧೬ ಲಕ್ಷವನ್ನು ಮೀರಿತ್ತು. ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳು ಹಳ್ಳಿಗಳ ಯುವಕರನ್ನು ಸೆಳೆಯುತ್ತಿದ್ದ ದಿನಗಳವು. ಚಿತ್ರಮಂದಿರದಲ್ಲಿ ಕುಳಿತು ನಗುತ್ತಿದ್ದವರಲ್ಲಿ ಎಷ್ಟೋ ಮಂದಿ ಕೆಲವೇ ವರ್ಷಗಳ ಹಿಂದೆ ಕೈಯಲ್ಲಿ ಗಂಟು ಹಿಡಿದು ಬಸ್ಸಿನಿಂದ ಇಳಿದವರೇ. ಅವರು ಮುತ್ತಣ್ಣನನ್ನು ನೋಡಿ ನಕ್ಕರು. ಅವನು ಗೆದ್ದಾಗ ತಾವೇ ಗೆದ್ದಂತೆ ಹಿಗ್ಗಿದರು. ಪರದೆಯ ಮೇಲಿದ್ದ ನಟರೂ ಗಾಜನೂರಿನಿಂದ ಬಂದು, ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿ, ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ನಾಡಿನ ಮನೆಮಾತಾದವರು. ಹಳ್ಳಿಗನು ನಗರದ ಮೊದಲಿಗನಾಗುವ ಕಥೆಗೆ ಅವರ ಜೀವನವೇ ಒಂದು ದೃಷ್ಟಾಂತವಾಗಿತ್ತು. ತೆರೆಯ ಮೇಲೆ ಮೇಯರ್ ಪದವಿಯನ್ನು ಏರಿದ ಅವರು ನಿಜಜೀವನದಲ್ಲಿ ಯಾವ ಚುನಾವಣೆಗೂ ನಿಲ್ಲಲಿಲ್ಲ. ನೆರೆಯ ರಾಜ್ಯಗಳಲ್ಲಿ ಎಂ.ಜಿ.ಆರ್. ೧೯೭೭ರಲ್ಲಿ, ಎನ್.ಟಿ.ಆರ್. ೧೯೮೩ರಲ್ಲಿ ಮುಖ್ಯಮಂತ್ರಿಗಳಾದುದನ್ನು ನೆನೆದರೆ ಈ ವಿರತಿಯ ಬೆಲೆ ತಿಳಿಯುತ್ತದೆ.

ಮೂರನೆಯದು ಇವೆರಡಕ್ಕಿಂತ ಗುರುತರವಾದ ಆಕ್ಷೇಪ. ಚಿತ್ರದಲ್ಲಿ ನಗರದ ಬಡಜನರು ಗುಂಪಾಗಿ ಜಯಕಾರ ಮಾಡುವವರೇ ಹೊರತು ತಮ್ಮ ಆಡಳಿತವನ್ನು ತಾವೇ ನಡೆಸಬಲ್ಲವರಲ್ಲ. ಒಳ್ಳೆಯವನೊಬ್ಬ ಕುರ್ಚಿಯ ಮೇಲೆ ಕುಳಿತರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಕಥೆಯ ತಳಹದಿಯ ನಂಬಿಕೆ. ಚಿತ್ರದ ನಗೆ ಪ್ರಜಾಪ್ರಭುತ್ವದ ನಗೆ: ಯಾವ ಮುತ್ತಣ್ಣನೂ ಆ ಕುರ್ಚಿಯ ಮೇಲೆ ಕೂರಬಹುದೆಂದು ಅದು ಸಾರುತ್ತದೆ. ಚಿತ್ರದ ಕಥೆಯಾದರೋ ಅರಸೊತ್ತಿಗೆಯ ಕಥೆ: ಕುಳಿತವನು ಧರ್ಮಾತ್ಮನಾದರೆ ಸಾಕೆಂದು ಅದು ತಿಳಿಯುತ್ತದೆ. ಈ ಎರಡರ ನಡುವಣ ವಿರೋಧವೇ ಚಿತ್ರದ ನಿಜವಾದ ಸ್ವಾರಸ್ಯವೆಂದು ನಮ್ಮ ಅಭಿಪ್ರಾಯ.

೪

ಈ ವಿರೋಧವನ್ನು ಸ್ಪಷ್ಟಪಡಿಸಿಕೊಳ್ಳಲು ಮೇಯರ್ ಪದವಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ೧೮೬೨ರಿಂದ ಬೆಂಗಳೂರಿನ ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳಿದ್ದವು. ಸ್ವಾತಂತ್ರ್ಯಾನಂತರ, ೧೯೪೯ರ ಕಾಯಿದೆಯ ಮೂಲಕ ಎರಡನ್ನೂ ಕೂಡಿಸಿ ಬೆಂಗಳೂರು ನಗರ ಕಾರ್ಪೊರೇಷನ್ನನ್ನು ರಚಿಸಲಾಯಿತು. ಚಿತ್ರ ತಯಾರಾದಾಗ ಈ ಸಂಸ್ಥೆಗೆ ಇಪ್ಪತ್ತೇ ವರ್ಷ. ಮೇಯರನ್ನು ಮತದಾರರು ನೇರವಾಗಿ ಆರಿಸುವುದಿಲ್ಲ; ಸದಸ್ಯರು ತಮ್ಮಲ್ಲಿಯೇ ಒಬ್ಬರನ್ನು ಆರಿಸುತ್ತಾರೆ. ಅವಧಿ ಆಗ ಒಂದೇ ವರ್ಷವಾಗಿತ್ತು. ದೈನಂದಿನ ಆಡಳಿತದ ಅಧಿಕಾರವಾದರೋ ಸರ್ಕಾರ ನೇಮಿಸುವ ಕಮಿಷನರದು. ಆದುದರಿಂದ ಒಬ್ಬ ಮೇಯರು ಎಷ್ಟೇ ಸತ್ಯಸಂಧನಾದರೂ ಒಂದು ವರ್ಷದಲ್ಲಿ, ಸಭೆಯ ಸಹಾಯವಿಲ್ಲದೆ, ಮಾಡಬಹುದಾದ ಕಾರ್ಯ ಸ್ವಲ್ಪವೇ. ಚಿತ್ರವನ್ನು ಈ ಕಾಯಿದೆಯ ಬೆಳಕಿನಲ್ಲಿ ನೋಡಿದ ಅಂದಿನ ವಿವೇಕಿಗಳು ‘ಒಳ್ಳೆಯ ಹಳ್ಳಿಗ, ಒಳ್ಳೆಯ ಮೇಯರು, ಇದೆಲ್ಲ ಸಿನಿಮಾದಲ್ಲಿ ಮಾತ್ರ’ ಎಂದು ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಮೇಯರ್ ಎಂಬ ಒಬ್ಬನು ಇರುತ್ತಾನೆ ಎಂಬುದರಲ್ಲಿ ಕಥೆಗೆ ಸಂದೇಹವೇ ಇಲ್ಲ. ಕುರ್ಚಿಯ ಇರವನ್ನು ಗೃಹೀತವಾಗಿಟ್ಟುಕೊಂಡು, ಅದರಲ್ಲಿ ಕೂರುವವನು ಯಾರು ಎಂಬ ಪ್ರಶ್ನೆಯಿಂದ ಚಿತ್ರ ವಿನೋದವನ್ನು ಹುಟ್ಟಿಸುತ್ತದೆ.

೧೯೯೨ರ ಸಂವಿಧಾನದ ೭೪ನೆಯ ತಿದ್ದುಪಡಿ ಈ ಕುರ್ಚಿಗೆ ಇನ್ನೂ ಭದ್ರವಾದ ಆಧಾರವನ್ನು ಒದಗಿಸಿತು. ನಗರಸಂಸ್ಥೆಗಳ ಅವಧಿ ಐದು ವರ್ಷವೆಂದೂ ಆ ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿಯತಕ್ಕದ್ದೆಂದೂ ಅದು ವಿಧಿಸಿತು. ವಿಧಿ ಹಾಗಿದ್ದರೂ ೨೦೦೬ರ ನವೆಂಬರ್‌ನಿಂದ ೨೦೧೦ರವರೆಗೆ ಬೆಂಗಳೂರಿಗೆ ಚುನಾಯಿತ ಸಭೆ ಇರಲಿಲ್ಲ. ೨೦೧೫ರ ಆಗಸ್ಟ್‌ನಲ್ಲಿ ಆಯ್ಕೆಯಾದ ಸಭೆಯ ಅವಧಿ ೨೦೨೦ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ನಗರದ ಆಡಳಿತ ಮತ್ತೆ ಆಡಳಿತಾಧಿಕಾರಿಗಳ ಕೈಗೆ ಬಂದಿತು. ೨೦೨೫ನೆಯ ವರ್ಷ ಕಳೆಯುವವರೆಗೂ ಚುನಾವಣೆ ನಡೆಯಲಿಲ್ಲ. ಈ ನಡುವೆ ೨೦೨೦ರ ಕಾಯಿದೆ ಮೇಯರರ ಅವಧಿಯನ್ನು ೧೨ ತಿಂಗಳಿಂದ ೩೦ ತಿಂಗಳಿಗೆ ಏರಿಸಿತು. ಆ ಕಾಯಿದೆಯ ಅಡಿಯಲ್ಲಿ ಒಬ್ಬ ಮೇಯರೂ ಅಧಿಕಾರ ವಹಿಸಿಕೊಳ್ಳುವ ಮೊದಲೇ ೨೦೨೫ರ ಮೇ ತಿಂಗಳಲ್ಲಿ ಹೊಸ ಕಾಯಿದೆ ಜಾರಿಗೆ ಬಂದು, ಅದೇ ಸೆಪ್ಟೆಂಬರ್‌ನಲ್ಲಿ ನಗರವು ಐದು ಪಾಲಿಕೆಗಳಾಗಿ ವಿಭಾಗಗೊಂಡಿತು. ಕೂರುವವರಿಲ್ಲದ ಕುರ್ಚಿಗೆ ಹೊಸ ಮೆತ್ತೆ ಹೊಲಿಯಿಸಿದ ಈ ಪ್ರಸಂಗಕ್ಕಿಂತ ಮಿಗಿಲಾದ ಪ್ರಹಸನವನ್ನು ಯಾವ ಚಿತ್ರಕಥೆಗಾರನು ತಾನೆ ಬರೆಯಬಲ್ಲನು?

೫

ನಗರದ ಪೂರ್ವದ ಅಂಚಿನಲ್ಲಿರುವ ವರ್ತೂರಿನಿಂದ ನೋಡಿದಾಗ ಚಿತ್ರದ ಅರ್ಥ ಇನ್ನೊಂದು ಬಗೆಯಲ್ಲಿ ತಿರುಗುತ್ತದೆ. ಮುತ್ತಣ್ಣ ಊರನ್ನು ಬಿಟ್ಟು ನಗರಕ್ಕೆ ನಡೆದುಹೋದವನು. ವರ್ತೂರಿನ ಜನ ಎಲ್ಲಿಗೂ ಹೋಗಲಿಲ್ಲ. ನಗರವೇ ಅವರ ಹೊಲಗಳ ಮೇಲೆ ನಡೆದು ಬಂದಿತು. ೨೦೦೭ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ೧೧೦ ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಿದಾಗ ಈ ಊರೂ ಅದರಲ್ಲಿ ಸೇರಿತು. ಪಂಚಾಯಿತಿ ಹೋಯಿತು, ಪಾಲಿಕೆಗೆ ಚುನಾಯಿತ ಸಭೆ ಬರಲು ೨೦೧೦ರವರೆಗೆ ಕಾಯಬೇಕಾಯಿತು. ೨೦೧೦ರಲ್ಲಿ ಒಮ್ಮೆ, ೨೦೧೫ರಲ್ಲಿ ಮತ್ತೊಮ್ಮೆ, ಹೀಗೆ ಎರಡೇ ಬಾರಿ ಈ ಊರಿನವರು ನಗರಸಭೆಗೆ ಮತ ಹಾಕಿದರು. ಇಂದು ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ಸ್ಥಳೀಯ ವಿದ್ಯಾರ್ಥಿಗಳು ಮತದಾನದ ವಯಸ್ಸಿಗೆ ಬಂದುದು ಆ ಎರಡನೆಯ ಚುನಾವಣೆಯ ಅನಂತರ. ಮೇಯರ್ ಎಂಬ ಪದ ಅವರಿಗೆ ಪೌರನೀತಿಯ ಪಾಠದಿಂದಲೋ ಹಳೆಯ ಚಿತ್ರಗಳಿಂದಲೋ ಪರಿಚಿತ, ಅನುಭವದಿಂದಲ್ಲ.

ಈ ಅವಧಿಯಲ್ಲಿ ಊರು ಸುಮ್ಮನಿರಲಿಲ್ಲ. ರಾಗಿಯ ಹೊಲಗಳಿದ್ದೆಡೆ ಬಹುಮಹಡಿಯ ವಸತಿಗಳೆದ್ದವು. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ದುಡಿಯುವ ಯುವಕ ಯುವತಿಯರಿಗೆಂದು ಸಾಲುಸಾಲಾಗಿ ಪೇಯಿಂಗ್ ಗೆಸ್ಟ್ ಮನೆಗಳಾದವು. ನೀರಿನ ಟ್ಯಾಂಕರು ಬೀದಿಯ ದೈನಂದಿನ ದೃಶ್ಯವಾಯಿತು. ೧೧೦ ಹಳ್ಳಿಗಳಿಗೆಂದು ಯೋಜಿಸಿದ, ದಿನಕ್ಕೆ ೭೭.೫ ಕೋಟಿ ಲೀಟರು ನೀರನ್ನು ಒದಗಿಸುವ ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದು ೨೦೨೪ರ ಅಕ್ಟೋಬರ್‌ನಲ್ಲಿ, ಎಂದರೆ ಹಳ್ಳಿಗಳು ನಗರವೆನಿಸಿಕೊಂಡ ಹದಿನೇಳು ವರ್ಷಗಳ ಮೇಲೆ. ಬೆಳ್ಳಂದೂರು ಕೆರೆಯಿಂದ ಹರಿದುಬಂದ ನಗರದ ಕೊಳಚೆಯಿಂದ ವರ್ತೂರು ಕೆರೆಯಲ್ಲಿ ಎದ್ದ ಬಿಳಿಯ ನೊರೆ ೨೦೧೫ರಲ್ಲಿ ರಸ್ತೆಗೂ ಹಾರಿ ದೇಶಾಂತರಗಳಲ್ಲಿ ಸುದ್ದಿಯಾಯಿತು. ಕೆರೆಯ ಹೊಣೆ ಅಭಿವೃದ್ಧಿ ಪ್ರಾಧಿಕಾರದ್ದು, ಕೊಳಚೆಯ ಹೊಣೆ ಜಲಮಂಡಳಿಯದು, ಬೀದಿಯ ಹೊಣೆ ಪಾಲಿಕೆಯದು. ಆ ವರ್ಷ ಚುನಾಯಿತ ಸದಸ್ಯರು ಇದ್ದರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಚುನಾವಣೆಯೊಂದರಿಂದ ಕೆರೆ ತಿಳಿಯಾಗುವುದಿಲ್ಲ. ಆದರೆ ಆಗ ಬಾಗಿಲು ತಟ್ಟಿ ಕೇಳಬಹುದಾದ ಒಂದು ಮನೆ ಊರಿನಲ್ಲಿಯೇ ಇತ್ತು. ಮುಂದೆ ಅದೂ ಇಲ್ಲವಾಯಿತು.

ಇದರ ಜೊತೆಗೆ, ಚಿತ್ರದ ಹಳ್ಳಿ ಪೇಟೆಗಳ ಭೇದವೂ ಇಲ್ಲಿ ಕಲಸಿಹೋಗಿದೆ. ಇಲ್ಲಿ ಹುಟ್ಟಿದವನು ತನ್ನ ಬೀದಿಯಲ್ಲಿಯೇ ಅಪರಿಚಿತನಾಗಿದ್ದಾನೆ. ಬಿಹಾರ, ಒಡಿಶಾ, ಬಂಗಾಳಗಳಿಂದ ಗಂಟು ಹೊತ್ತು ಬಂದವನೂ ಅಪರಿಚಿತನೇ. ಒಬ್ಬರ ಮಾತಿನ ಧಾಟಿಗೆ ಇನ್ನೊಬ್ಬರು ನಗುವುದುಂಟು. ಆದರೆ ಮುತ್ತಣ್ಣನ ಕಥೆಯಲ್ಲಿ ನಗುವವರನ್ನೂ ನಗೆಗೀಡಾದವನನ್ನೂ ಕಡೆಗೆ ಒಂದೇ ಊರಿನವರನ್ನಾಗಿ ಮಾಡಿದ್ದು ಆ ಕುರ್ಚಿ. ಅವನನ್ನು ತಮ್ಮವನೆಂದು ಒಪ್ಪಿಕೊಳ್ಳಲು ನಗರಕ್ಕೆ ಅದು ಒಂದು ಅವಕಾಶವನ್ನು ಕೊಟ್ಟಿತು. ಇಂದು ಈ ಇಬ್ಬರು ಅಪರಿಚಿತರಿಗೂ ಅಂಥ ಸಮಾನವಾದ ಅಂಗಳವಿಲ್ಲ.

೬

ಈ ವಿವೇಚನೆಯಿಂದ ನಾವು ತಲಪುವ ನಿರ್ಣಯ ಇಷ್ಟು. ‘ಮೇಯರ್ ಮುತ್ತಣ್ಣ’ ಚಿತ್ರದಲ್ಲಿ ಎರಡು ನಂಬಿಕೆಗಳು ಒಟ್ಟಿಗೆ ಬಾಳುತ್ತಿವೆ. ಊರಿನಿಂದ ಹೊರಬಿದ್ದ ಸಾಮಾನ್ಯನೂ ನಗರದ ಪೀಠಕ್ಕೆ ಅರ್ಹನೆಂಬುದು ಒಂದು. ಅರ್ಹನಾದ ಒಬ್ಬನೇ ಸಾಕೆಂಬುದು ಇನ್ನೊಂದು. ಮೊದಲನೆಯದರಿಂದ ಚಿತ್ರಕ್ಕೆ ನಗೆ ಒದಗಿದೆ, ಎರಡನೆಯದರಿಂದ ಕಥೆ. ಕಾಲ ಸರಿದಂತೆ ನಗೆಯಲ್ಲಿದ್ದ ನಂಬಿಕೆಯನ್ನು ಕೈಬಿಟ್ಟು, ಕಥೆಯಲ್ಲಿದ್ದ ನಂಬಿಕೆಯನ್ನು ನಾವು ಉಳಿಸಿಕೊಂಡಿದ್ದೇವೆ. ಸಭೆಯಿಲ್ಲದೆ ಒಬ್ಬ ದಕ್ಷ ಅಧಿಕಾರಿಯಿಂದ ನಗರದ ಆಡಳಿತ ಸುಗಮವಾಗಿ ಸಾಗಬಲ್ಲದೆಂದು ವರ್ಷಗಟ್ಟಲೆ ಸಹಿಸಿದ ನಮ್ಮ ಮನೋಭಾವಕ್ಕೂ, ಒಬ್ಬ ಮುತ್ತಣ್ಣನಿಂದ ಎಲ್ಲವೂ ನೆಟ್ಟಗಾದೀತೆಂದು ಚಪ್ಪಾಳೆ ತಟ್ಟಿದ ಪ್ರೇಕ್ಷಕನ ಮನೋಭಾವಕ್ಕೂ ಆಳದಲ್ಲಿ ಭೇದವಿಲ್ಲ. ಅಧಿಕಾರಿಗಳ ದಕ್ಷತೆಯನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಆನೆ ಹಾರವನ್ನು ಯೋಗ್ಯನಿಗೇ ಹಾಕಿದರೂ ಆರಿಸಿದ್ದು ಆನೆ, ಊರಿನವರಲ್ಲ ಎಂಬುದಷ್ಟೇ ಇಲ್ಲಿಯ ಮಾತು. ಮುತ್ತಣ್ಣನ ಮಟ್ಟಿಗಾದರೂ ಹಾರವನ್ನು ಹಾಕಿದವರು ಜನರೇ. ಈ ಒಂದು ಅಂಶದಲ್ಲಿ ೧೯೬೯ರ ಆ ಮುಗ್ಧ ಚಿತ್ರ ನಮಗಿಂತ ಮುಂದಿದೆ.

ಆದುದರಿಂದ ಈ ಚಿತ್ರವನ್ನು ಕೇವಲ ಹಳೆಯ ಕಾಲದ ಸವಿನೆನಪೆಂದು ಕಪಾಟಿನಲ್ಲಿಡುವುದು ಸಲ್ಲದು. ಚರಿತ್ರೆ, ರಾಜ್ಯಶಾಸ್ತ್ರಗಳ ಅಧ್ಯಾಪಕರು ಸ್ಥಳೀಯ ಸ್ವಯಮಾಡಳಿತದ ಪಾಠವನ್ನು ಬೋಧಿಸುವಾಗ ಇದನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು. ಅವರು ಮನಸಾರೆ ನಗಲಿ. ರಾಜಕುಮಾರರ ಅಭಿನಯದಲ್ಲಿರುವ ಸಹಜತೆಯನ್ನೂ ರಾಜನ್-ನಾಗೇಂದ್ರರ ಇಂಪನ್ನೂ ಸವಿಯಲಿ. ಅನಂತರ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಮುತ್ತಣ್ಣನ ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತಿರಬೇಕಾದವರು ಯಾರು? ನಮ್ಮ ವಾರ್ಡಿನಿಂದ ಅಲ್ಲಿ ಹೋಗಿ ಕೂರತಕ್ಕವರು ಯಾರು? ಮೊದಲನೆಯ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಆ ವಿದ್ಯಾರ್ಥಿಗಳೇ.